ಯಾರನ್ನು ಕ್ಷಮಿಸಬೇಕೆಂದೇ ಗೊತ್ತಿಲ್ಲದವರು

ದಕ್ಷಿಣ ಆಫ್ರಿಕಾದ ಕ್ರ್ಯಾಡಕ್ ಎಂಬ ಸಣ್ಣ ಊರಿನಲ್ಲಿ ನೊಮೊಂಡೆ ಕಲಾಟಾ ಎಂಬ ಹೆಣ್ಣುಮಗಳು ಪೇಪರ್ ಹಂಚುತ್ತಿದ್ದರು. ಆಗ ಅವರಿಗೆ 26 ವರ್ಷ. ಇಬ್ಬರು ಮಕ್ಕಳಿದ್ದರು, ಮೂರನೆಯದು ಹೊಟ್ಟೆಯಲ್ಲಿತ್ತು. ಅವರ ಗಂಡ ಫೋರ್ಟ್ ಕಲಾಟಾ 1985ರ ಜೂನ್ 27ರಂದು ಮೂವರು ಗೆಳೆಯರ ಜೊತೆ ಕಾರಿನಲ್ಲಿ ಪೋರ್ಟ್ ಎಲಿಜಬೆತ್‌ಗೆ ಸಭೆಗೆಂದು ಹೋದವರು ರಾತ್ರಿ ಮನೆಗೆ ಬರಲಿಲ್ಲ. ಆಮೇಲೆ ಹಂಚಲೆಂದು ಮನೆಗೆ ಬಂದ 'ಈಸ್ಟರ್ನ್ ಪ್ರಾವಿನ್ಸ್ ಹೆರಾಲ್ಡ್' ಪತ್ರಿಕೆಯಲ್ಲಿ ಅವರು ಹೋಗಿದ್ದ ಕಾರು ಸುಟ್ಟುಹೋದ ಸುದ್ದಿ ಇತ್ತು. ಮನೆಯ ಮಗುವೊಂದು ಅದನ್ನು ನೋಡಿ ಗುರುತಿಸಿತು.

ಹನ್ನೊಂದು ವರ್ಷದ ನಂತರ, 1996ರ ಏಪ್ರಿಲ್ 16ರಂದು, ಈಕೆ ಈ ವಿಷಯವನ್ನು ಒಬ್ಬ ಆರ್ಚ್‌ಬಿಷಪ್ ಎದುರು ಹೇಳಿದರು. ಹೇಳುತ್ತಾ ಹೇಳುತ್ತಾ ತಲೆ ಹಿಂದಕ್ಕೆ ಚೆಲ್ಲಿ ಕೂಗಿಕೊಂಡರು. ಆ ಕೂಗು ರೇಡಿಯೊದಲ್ಲಿ ದೇಶವೆಲ್ಲ ಕೇಳಿತು. ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಂಧಾನ ಆಯೋಗದ ಬಗ್ಗೆ ಬರೆದವರಲ್ಲಿ ಆ ಕೂಗನ್ನು ನೆನೆಯದವರು ಕಡಿಮೆ. ನಿಜವಾದ ಆಯೋಗ ಶುರುವಾದದ್ದೇ ಆ ಕ್ಷಣದಲ್ಲಿ ಎಂದವರೂ ಇದ್ದಾರೆ.

ಕ್ಷಮೆಯ ಬಗ್ಗೆ ಬರೆಯಹೊರಟವರು ಸಾಮಾನ್ಯವಾಗಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರಿಂದ ಶುರು ಮಾಡುತ್ತಾರೆ. ನಾನು ಈ ಪೇಪರ್ ಹಂಚುವಾಕೆಯ ಮನೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಈ ಕುಟುಂಬದ ನಾಲ್ಕು ತಲೆಮಾರಿನ ಕಥೆಯಲ್ಲಿ ಚರ್ಚಿನ ಹಾಡಿದೆ, ಪ್ರಾರ್ಥನೆ ಇದೆ, ದುಃಖ ಇದೆ. ಕ್ಷಮಿಸಲು ತಯಾರಿದ್ದವರ ಎದುರು ಕ್ಷಮೆ ಕೇಳಲು ಯಾರೂ ಬಾರದೆ ಹೋದ ಕಥೆಯೂ ಇದೆ.

ಫೋರ್ಟ್ ಎಂಬ ಹೆಸರೇ ವಿಚಿತ್ರ. ಕೋಟೆ ಅಂತ ಯಾರಾದರೂ ಮಗುವಿಗೆ ಹೆಸರಿಡುತ್ತಾರೆಯೇ? ಈತನ ತಾತ ಜೇಮ್ಸ್ ಕಲಾಟಾ ಕ್ರ್ಯಾಡಕ್‌ನ ಆಂಗ್ಲಿಕನ್ ಪಾದ್ರಿ. ಆಂಗ್ಲಿಕನ್ ಅಂದರೆ, ನಮ್ಮಲ್ಲಿ 1947ರಲ್ಲಿ ಬೇರೆ ಪಂಗಡಗಳ ಜೊತೆ ಸೇರಿ ಸಿ.ಎಸ್.ಐ. ಆಯಿತಲ್ಲ, ಆ ಸಭೆ. ಪಾದ್ರಿ ಕಲಾಟಾ ಗಾಯಕರ ತಂಡ ಕಟ್ಟಿ ಹಾಡು ಕಲಿಸಿದವರು, ಸ್ವತಃ ರಾಗ ಕಟ್ಟಿದವರು. ಜೊತೆಗೆ 1936ರಿಂದ 1949ರವರೆಗೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಪ್ರಧಾನ ಕಾರ್ಯದರ್ಶಿ. ಭಾನುವಾರ ಬಲಿಪೀಠದ ಮುಂದೆ, ಉಳಿದ ದಿನ ಪಕ್ಷದ ಕಾಗದಪತ್ರದ ಮುಂದೆ. 1956ರಲ್ಲಿ ವರ್ಣಭೇದ ಸರ್ಕಾರ ಮಂಡೇಲಾ ಸೇರಿ 156 ಮಂದಿಯ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿದಾಗ ಅವರಲ್ಲಿ ಈ ಪಾದ್ರಿಯೂ ಇದ್ದರು. ಜೋಹಾನ್ಸ್‌ಬರ್ಗ್‌ನ 'ಫೋರ್ಟ್' ಎಂಬ ಜೈಲಿಗೆ ಅವರನ್ನು ಹಾಕಿದರು. ಆ ವರ್ಷ ಹುಟ್ಟಿದ ಮೊಮ್ಮಗನಿಗೆ ಜೈಲಿನ ಹೆಸರೇ ಉಳಿಯಿತು.

ಮೊಮ್ಮಗ ಬೆಳೆದು ಮೇಷ್ಟರಾದ. ಅದೇ ಊರಿನ ಇನ್ನೊಬ್ಬ ಮೇಷ್ಟರು ಮ್ಯಾಥ್ಯೂ ಗೊನಿವೆ. ಇಬ್ಬರೂ ಸೇರಿ 1983ರಲ್ಲಿ ಬಾಡಿಗೆ ಏರಿಕೆ ವಿರುದ್ಧ ಕೇರಿಯ ಜನರ ಸಂಘ ಕಟ್ಟಿದರು. ಸರ್ಕಾರ ಗೊನಿವೆಗೆ ದೂರದ ಊರಿಗೆ ವರ್ಗಾವಣೆ ಮಾಡಿತು. ಆತ ಹೋಗಲಿಲ್ಲ, ಕೆಲಸ ಕಳೆದುಕೊಂಡ, ಮಕ್ಕಳು ಶಾಲೆ ಬಹಿಷ್ಕರಿಸಿದರು. ಆಮೇಲಿನದು ಊಹಿಸಬಹುದು. ಜೂನ್ 27ರ ರಾತ್ರಿ ವಾಪಸ್ ಬರುವಾಗ ಭದ್ರತಾ ಪೊಲೀಸರು ಕಾರನ್ನು ತಡೆದರು. ಗೊನಿವೆ, ಫೋರ್ಟ್ ಕಲಾಟಾ, ರೈಲ್ವೆ ಕೆಲಸಗಾರ ಸ್ಪ್ಯಾರೊ ಮ್ಕೊಂಟೊ ಮತ್ತು ಗೊನಿವೆಯ ಬಾಲ್ಯದ ಗೆಳೆಯ ಸಿಸೆಲೊ ಮ್ಹಲೌಲಿ, ನಾಲ್ವರನ್ನೂ ಕೊಂದು ಸುಟ್ಟರು. ಇತಿಹಾಸದಲ್ಲಿ ಇವರಿಗೆ 'ಕ್ರ್ಯಾಡಕ್‌ನ ನಾಲ್ವರು' ಎಂಬ ಹೆಸರು.

ಜುಲೈ 20ರಂದು ಊರಿನ ಕ್ರೀಡಾಂಗಣದಲ್ಲಿ ಶವಸಂಸ್ಕಾರ. ಸಾವಿರಾರು ಜನ. ಅಲನ್ ಬುಸಾಕ್, ಬೇಯರ್ಸ್ ನೊಡೆ ಮೊದಲಾದ ಸಭಾಪಾಲಕರು ಬಂದಿದ್ದರು. ನೊಡೆ ಬಿಳಿಯರವರು, ವರ್ಣಭೇದವನ್ನು ಬೈಬಲ್ ಆಧಾರದಲ್ಲಿ ಸಮರ್ಥಿಸುತ್ತಿದ್ದ ಡಚ್ ರಿಫಾರ್ಮ್ಡ್ ಸಭೆಯಲ್ಲೇ ಬೆಳೆದು ಅದರ ವಿರುದ್ಧ ನಿಂತವರು. ಅದೇ ದಿನ ಅಧ್ಯಕ್ಷ ಪಿ.ಡಬ್ಲ್ಯು. ಬೋಥಾ ತುರ್ತು ಪರಿಸ್ಥಿತಿ ಘೋಷಿಸಿದರು.

ಕಪ್ಪುಜನರ ಹೋರಾಟದಲ್ಲಿ ಆ ವರ್ಷಗಳಲ್ಲಿ ಶವಸಂಸ್ಕಾರವೇ ದೊಡ್ಡ ಸಭೆ. ಬೇರೆ ಸಭೆಗಳಿಗೆ ನಿಷೇಧವಿತ್ತು, ಸತ್ತವರನ್ನು ಮಣ್ಣು ಮಾಡುವುದನ್ನು ಪೂರ್ತಿ ನಿಷೇಧಿಸಲು ಸರ್ಕಾರಕ್ಕೂ ಆಗುತ್ತಿರಲಿಲ್ಲ. ಹೀಗಾಗಿ ಪಾದ್ರಿಯ ಪ್ರಸಂಗವೇ ರಾಜಕೀಯ ಭಾಷಣ, ಚರ್ಚಿನ ಹಾಡೇ ಘೋಷಣೆ. ಅಲ್ಲಿ ಸಿಟ್ಟೂ ಇತ್ತು. ಅದೇ ಜುಲೈನಲ್ಲಿ ಡುಡುಜಾ ಎಂಬಲ್ಲಿ ಪೊಲೀಸ್ ಮಾಹಿತಿದಾರನೆಂಬ ಶಂಕೆಯ ಮೇಲೆ ಒಬ್ಬನನ್ನು ಜನ ಸುಡಲು ಹೊರಟಾಗ, ಬಿಷಪ್ ಉಡುಪಿನಲ್ಲೇ ಟುಟು ಜನರ ನಡುವೆ ನುಗ್ಗಿ ಅವನನ್ನು ಎಳೆದುಕೊಂಡು ಉಳಿಸಿದರು. ಕ್ಷಮೆಯ ಮಾತನ್ನು ಆತ ಕುರ್ಚಿಯಲ್ಲಿ ಕೂತು ಕಲಿತವರಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ದೇಶದ ಸುಮಾರು 150 ಮಂದಿ ಧರ್ಮಪಂಡಿತರು, ಪಾದ್ರಿಗಳು ಸಹಿ ಹಾಕಿದ 'ಕೈರೋಸ್ ದಸ್ತಾವೇಜು' ಹೊರಬಂತು. ಚರ್ಚುಗಳು ಎರಡೂ ಕಡೆಯವರಿಗೆ ಸಂಧಾನ ಮಾಡಿಕೊಳ್ಳಿ ಎಂದು ಬೋಧಿಸುತ್ತಿರುವುದನ್ನೇ ಅದು ಪ್ರಶ್ನಿಸಿತು. ಅನ್ಯಾಯ ಮಾಡಿದವನು ಅದನ್ನು ನಿಲ್ಲಿಸದೆ, ಪಶ್ಚಾತ್ತಾಪ ಪಡದೆ ಇರುವಾಗ ಅನ್ಯಾಯಕ್ಕೆ ಒಳಗಾದವನಿಗೆ ಕ್ಷಮಿಸು ಎನ್ನುವುದು ಕ್ರೈಸ್ತ ಬೋಧನೆಯೇ ಅಲ್ಲ ಎಂಬುದು ಅದರ ತಿರುಳು. ತಾಲ್ಲೂಕು ಮಟ್ಟದಲ್ಲಿ ವರದಿ ಮಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಹೊಡೆಸಿಕೊಂಡವನ ಮನೆಗೇ ನಾಲ್ಕು ಜನ ಹಿರಿಯರು ಬಂದು 'ಹೋಗ್ಲಿ ಬಿಡಪ್ಪ, ರಾಜಿ ಆಗು, ನಾಳೆ ಒಂದೇ ಊರಲ್ಲಿ ಬದುಕಬೇಕಲ್ಲ' ಅನ್ನುತ್ತಾರೆ. ಹೊಡೆದವನ ಮನೆಗೆ ಹೋಗಿ ಕ್ಷಮೆ ಕೇಳು ಅನ್ನುವವರು ಕಡಿಮೆ.

ಹತ್ತು ವರ್ಷ ಕಳೆದು ಮಂಡೇಲಾ ಸರ್ಕಾರ ಬಂದ ಮೇಲೆ ಈ ಪ್ರಶ್ನೆ ಕಾನೂನಿನ ರೂಪದಲ್ಲಿ ತಿರುಗಿ ಬಂತು. ಸತ್ಯ ಮತ್ತು ಸಂಧಾನ ಆಯೋಗವನ್ನು 1995ರ ಕಾಯ್ದೆ ಹುಟ್ಟುಹಾಕಿತು. 17 ಆಯುಕ್ತರು, ಟುಟು ಅಧ್ಯಕ್ಷರು. ಉಪಾಧ್ಯಕ್ಷ ಅಲೆಕ್ಸ್ ಬೊರೇನ್ ಕೂಡ ಹಿಂದೆ ಮೆಥಡಿಸ್ಟ್ ಸಭೆಯ ಮುಖ್ಯಸ್ಥರಾಗಿದ್ದವರು. 1960ರಿಂದ 1994ರ ನಡುವಿನ ಕೊಲೆ, ಹಿಂಸೆ, ಅಪಹರಣಗಳನ್ನು ದಾಖಲಿಸುವುದು ಆಯೋಗದ ಕೆಲಸ. ರಾಜಕೀಯ ಉದ್ದೇಶದಿಂದ ಅಪರಾಧ ಮಾಡಿದವನು ಇದ್ದದ್ದನ್ನೆಲ್ಲ ಬಾಯಿಬಿಟ್ಟರೆ ಅವನಿಗೆ ಕ್ಷಮಾದಾನ.

ಇಲ್ಲೊಂದು ಮಾತಿನ ಗಂಟಿದೆ. ಕನ್ನಡದಲ್ಲಿ ದೇವರು ಮಾಡುವುದೂ ಕ್ಷಮೆ, ತಾಯಿ ಮಾಡುವುದೂ ಕ್ಷಮೆ, ರಾಷ್ಟ್ರಪತಿ ಕೊಡುವುದು ಕ್ಷಮಾದಾನ. ಒಂದೇ ಬೇರಿನ ಪದಗಳಾದ್ದರಿಂದ ಎರಡೂ ಒಂದೇ ಎಂಬ ಭಾವನೆ ಬರುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿದ್ದರೂ ದಕ್ಷಿಣ ಆಫ್ರಿಕಾದಲ್ಲಿ ಅವು ಬೆರೆತುಹೋದವು. ಕಾನೂನಿನ ಪ್ರಕಾರ ಕೊಂದವನು ಪಶ್ಚಾತ್ತಾಪ ಪಡಬೇಕಿರಲಿಲ್ಲ, ಕ್ಷಮಿಸಿ ಎನ್ನಲೂಬೇಕಿರಲಿಲ್ಲ. ನಿಜ ಹೇಳಿದರೆ ಸಾಕು. ಹಾಗೆಯೇ ಸತ್ತವನ ಹೆಂಡತಿ ಕ್ಷಮಿಸಲಿ ಬಿಡಲಿ, ಅವನು ಬಿಡುಗಡೆ. ಕೊಲೆಯಾದ ಸ್ಟೀವ್ ಬೀಕೊ ಅವರ ಕುಟುಂಬ ಇದನ್ನು ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿ 1996ರ ಜುಲೈನಲ್ಲಿ ಸೋತಿತು. ಇಂಥ ಒಣ ಕಾಯ್ದೆಯೊಳಕ್ಕೆ ಪ್ರಾರ್ಥನೆ, ಕಣ್ಣೀರು, ಹಾಡು ತಂದವರು ಟುಟು.

ಮೊದಲ ವಿಚಾರಣೆ 1996ರ ಏಪ್ರಿಲ್ 15ರಂದು ಈಸ್ಟ್ ಲಂಡನ್ ನಗರದ ಪುರಭವನದಲ್ಲಿ. (ಇಂಗ್ಲೆಂಡಿನ ಲಂಡನ್ ಅಲ್ಲ, ದಕ್ಷಿಣ ಆಫ್ರಿಕಾದ ಕಡಲತೀರದ ಊರು.) ಟುಟು ನೇರಳೆ ನಿಲುವಂಗಿಯಲ್ಲಿ ಬಂದರು. ಸತ್ತವರ ನೆನಪಿಗೆ ಮೇಣದಬತ್ತಿ ಹಚ್ಚಿದರು. ಪ್ರಾರ್ಥನೆ ಆಯಿತು. ಷೋಸಾ ಭಾಷೆಯ ಹಳೆಯ ಭಕ್ತಿಗೀತೆ ಹಾಡಿದರು. ಅದನ್ನು ಬರೆದವರು ತಿಯೊ ಸೋಗಾ, ದಕ್ಷಿಣ ಆಫ್ರಿಕಾದ ಕಪ್ಪುಜನರಲ್ಲಿ ಮೊದಲು ದೀಕ್ಷೆ ಪಡೆದ ಪಾದ್ರಿ, 19ನೇ ಶತಮಾನದವರು. 1912ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದ ಸಭೆಯಲ್ಲೂ ಇದನ್ನೇ ಹಾಡಿದ್ದರು. ಸಾಕ್ಷಿಗಳು ಬಂದಾಗ ಸಭಿಕರು ಎದ್ದು ನಿಂತರು. ಕೋರ್ಟಿನಲ್ಲಿ ಜಡ್ಜ್ ಬಂದರೆ ಜನ ಏಳುತ್ತಾರೆ, ಇಲ್ಲಿ ನೊಂದವರು ಬಂದರೆ ಎದ್ದರು.

ಎರಡನೇ ದಿನ ನೊಮೊಂಡೆ ಕೂತರು. ಪಕ್ಕದಲ್ಲಿ ಸಮಾಧಾನ ಹೇಳಲೆಂದೇ ನೇಮಿಸಿದ ಒಬ್ಬ ಹೆಣ್ಣುಮಗಳು. ಆ ಕೂಗು ಬಂದ ಮೇಲೆ ಕಲಾಪ ನಿಲ್ಲಿಸಬೇಕಾಯಿತು. ಮತ್ತೆ ಸೇರಿದಾಗ ಟುಟು ಭಾಷಣ ಮಾಡಲಿಲ್ಲ, ಹಾಡು ಎತ್ತಿದರು. 'ಸೆನ್ಸೆನೀನಾ' ಎಂಬ ಹಾಡು, ನಾವೇನು ಮಾಡಿದೆವು ಎಂಬುದು ಅದರ ಅರ್ಥ. ಎಂಬತ್ತರ ದಶಕದ ಶವಸಂಸ್ಕಾರಗಳಲ್ಲಿ ಎಲ್ಲರ ಬಾಯಲ್ಲಿದ್ದ ಹಾಡದು. ಸಭಾಂಗಣ ದನಿಗೂಡಿಸಿತು. ಆಮೇಲೆ ನೊಮೊಂಡೆ ಉಳಿದದ್ದನ್ನು ಹೇಳಿದರು.

ಇದನ್ನು ನಾಟಕ ಅಂದವರುಂಟು. ನನಗೆ ಹಾಗನ್ನಿಸುವುದಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟಾದರೂ ಗೋಳಿನ ಹಾಡುಗಳು. 'ಪ್ರಲಾಪಗಳು' ಎಂದು ಒಂದು ಪುಸ್ತಕವೇ ಇದೆ. ಗೋಳಾಡುವುದು ಅವಿಶ್ವಾಸದ ಗುರುತಲ್ಲ, ಆರಾಧನೆಯದೇ ಭಾಗ ಎಂದು ಆ ಪರಂಪರೆ ಒಪ್ಪಿಕೊಂಡಿದೆ. ಕೋರ್ಟಿನಲ್ಲಿ ಸಾಕ್ಷಿ ಕೂಗಿಕೊಂಡರೆ ಅದು ಅಡ್ಡಿ, ಬೆರಳಚ್ಚುಗಾರ ಕೈ ಎತ್ತಿ ಕೂರುತ್ತಾನೆ. ಕೂಗನ್ನೂ ಸಾಕ್ಷ್ಯ ಎಂದು ಒಪ್ಪಿಕೊಂಡು, ಅದಕ್ಕೆ ಊರೆಲ್ಲ ಸೇರಿ ದನಿ ಕೊಡುವ ವಿಧಾನ ಟುಟುಗೆ ಚರ್ಚಿನಿಂದ ಬಂದದ್ದು. ಪಾದ್ರಿ ಕಲಾಟಾ ಹಾಡು ಕಲಿಸಿದ ಊರಿನ ಸೊಸೆಗೆ ಅದನ್ನು ವಿವರಿಸುವ ಅಗತ್ಯವಿರಲಿಲ್ಲ.

ಅದೇ ವಾರ ಸಿಂಗ್ಕೊಕ್ವಾನಾ ಮಲ್ಗಾಸ್ ಎಂಬ ಹಳೆಯ ರಾಬೆನ್ ದ್ವೀಪದ ಕೈದಿ ಗಾಲಿಕುರ್ಚಿಯಲ್ಲಿ ಬಂದರು. ತಮಗೆ ಕೊಟ್ಟ ಚಿತ್ರಹಿಂಸೆ ಹೇಳಲು ಹೊರಟು ಮಾತು ಬಾರದೆ ಮುಖ ಮುಚ್ಚಿಕೊಂಡರು. ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಮಾರನೆಯ ದಿನ ಕ್ಯಾಮೆರಾಗಳಿಗೆ ಆರ್ಚ್‌ಬಿಷಪ್ ಅಳುವುದೇ ಚಿತ್ರ, ಮಲ್ಗಾಸ್ ಹಿಂದೆ ಸರಿದರು. ಇದು ಸರಿಯಲ್ಲ, ಗಮನ ನೊಂದವರ ಮೇಲಿರಬೇಕು ಎಂದು ಟುಟು ಇನ್ನು ಮುಂದೆ ಸಭೆಯಲ್ಲಿ ಅಳಬಾರದೆಂದು ತೀರ್ಮಾನಿಸಿದರು. ಸಾವಿನ ಮನೆಯಲ್ಲಿ ಶಾಸಕರು ಕಣ್ಣೊರೆಸಿಕೊಳ್ಳುವ ಫೋಟೊ ಕಳಿಸಿ ಎಂದು ಡೆಸ್ಕ್‌ನಿಂದ ಫೋನ್ ಬಂದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನೊಬ್ಬರ ನೋವನ್ನು ಅರ್ಥ ಮಾಡಿಕೊಳ್ಳುವುದೆಂದರೇನು ಎಂಬುದನ್ನು ಅಲ್ಲಿ ಬೋಧಕರಿಗಿಂತ ಹೆಚ್ಚು ಅನುಭವಿಸಿದವರು ದುಭಾಷಿಗಳು. ಷೋಸಾದಲ್ಲಿ ಹೇಳಿದ್ದನ್ನು ಗಾಜಿನ ಗೂಡಿನೊಳಗೆ ಕೂತು ಆಗಿಂದಾಗ್ಗೆ ಇಂಗ್ಲಿಷ್, ಆಫ್ರಿಕಾನ್ಸ್ ಭಾಷೆಗಳಿಗೆ ತರುವವರು ಅವರು. 'ಆಕೆಯ ಗಂಡನನ್ನು ಕೊಂದರಂತೆ' ಎನ್ನುವಂತಿಲ್ಲ. 'ನನ್ನ ಗಂಡನನ್ನು ಕೊಂದರು' ಎನ್ನಬೇಕು. ಪೊಲೀಸ್ ಹೇಳುವಾಗ 'ನಾನು ಕೊಂದೆ' ಎನ್ನಬೇಕು. ಬೆಳಿಗ್ಗೆ ವಿಧವೆ, ಮಧ್ಯಾಹ್ನ ಕೊಲೆಗಾರ, ಎರಡೂ ತನ್ನದೇ ಬಾಯಲ್ಲಿ. ಎಷ್ಟೋ ದುಭಾಷಿಗಳು ಇದರಿಂದ ಕುಸಿದುಹೋದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಿಸೆಲೊ ಮ್ಹಲೌಲಿಯ ಮಗಳು ಬಬಾಲ್ವಾ ಆ ವಿಚಾರಣೆಯಲ್ಲಿ ಮಾತಾಡಿದಳು. ಅಪ್ಪ ಸತ್ತಾಗ ಚಿಕ್ಕವಳು. ನಮಗೆ ಕ್ಷಮಿಸಬೇಕೆಂದಿದೆ, ಆದರೆ ಯಾರನ್ನು ಕ್ಷಮಿಸಬೇಕೆಂಬುದೇ ಗೊತ್ತಿಲ್ಲ ಎಂಬರ್ಥದ ಮಾತು ಹೇಳಿದಳು. ಟುಟು ಮುಂದೆ ಊರೂರು ಸುತ್ತಿ ಮಾಡಿದ ಪ್ರಸಂಗಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಹೇಳಿದರು. ಕ್ಷಮಿಸಲು ಜನ ಎಷ್ಟು ತಯಾರಿದ್ದರು ನೋಡಿ ಎಂಬ ಬೆರಗಿನಿಂದ. ನನಗೆ ಆ ವಾಕ್ಯದ ಮೊದಲರ್ಧಕ್ಕಿಂತ ಎರಡನೆಯದೇ ಭಾರವಾಗಿ ಕೇಳುತ್ತದೆ. ಅವಳ ತಾಯಿ ನೊಂಬುಯಿಸೆಲೊ ಬೇರೆಯದೇ ಒಂದನ್ನು ಕೇಳಿದರು. ಗಂಡನ ಶವ ಸಿಕ್ಕಾಗ ಒಂದು ಕೈ ಇರಲಿಲ್ಲ. ಅದನ್ನು ಪೊಲೀಸರು ಬಾಟಲಿಯಲ್ಲಿಟ್ಟು ಬೇರೆ ಕೈದಿಗಳನ್ನು ಹೆದರಿಸಲು ಬಳಸಿದರೆಂಬ ಮಾತು ಕೇಳಿದ್ದರು. ಆ ಕೈ ನಮಗೆ ಬೇಕು ಅಂದರು.

ನಮ್ಮ ಸಿ.ಎಸ್.ಐ. ಚರ್ಚುಗಳಲ್ಲಿ ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯ ಆರಾಧನೆ ನಡೆಯುತ್ತದೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ. ಮೊದಲನೆಯದು ತನ್ನನ್ನು ಕೊಲ್ಲುವವರನ್ನು ಕ್ಷಮಿಸೆಂದು ತಂದೆಯನ್ನು ಬೇಡಿಕೊಳ್ಳುವ ಮಾತು. ಆ ಮಾತಾಡುವಾಗ ಮೊಳೆ ಹೊಡೆದವರು ಕಣ್ಣೆದುರೇ ಇದ್ದಾರೆ, ಕೆಳಗೆ ಕೂತು ಬಟ್ಟೆ ಹಂಚಿಕೊಳ್ಳುತ್ತಿದ್ದಾರೆ. ಬಬಾಲ್ವಾ ಎದುರು ಯಾರೂ ಇರಲಿಲ್ಲ. ಆಗಲೇ ಎರಡು ಮರಣ ವಿಚಾರಣೆ ಮುಗಿದಿದ್ದವು. ಮೊದಲನೆಯದು 'ಅಪರಿಚಿತರು' ಎಂದಿತ್ತು. 1992ರಲ್ಲಿ 'ನ್ಯೂ ನೇಷನ್' ಪತ್ರಿಕೆ, ಕ್ಯಾಥೋಲಿಕ್ ಬಿಷಪರ ಮಂಡಳಿ ಶುರುಮಾಡಿದ ಪತ್ರಿಕೆ ಅದು, ಗೊನಿವೆ ಮತ್ತಿತರರನ್ನು ಸಮಾಜದಿಂದ 'ಶಾಶ್ವತವಾಗಿ ತೆಗೆಯಲು' ಸೂಚಿಸುವ ಸೇನೆಯ ಗುಪ್ತ ಸಂದೇಶವನ್ನು ಬಯಲು ಮಾಡಿತು. ಅದರಿಂದ ಎರಡನೇ ವಿಚಾರಣೆ ನಡೆದು 1994ರಲ್ಲಿ ಭದ್ರತಾ ಪಡೆಗಳೇ ಹೊಣೆ ಎಂದಾಯಿತು. ಆದರೆ ಯಾರೆಂದು ಹೆಸರು ಬರಲಿಲ್ಲ.

ಎದುರಿಗೆ ಮನುಷ್ಯನಿದ್ದಾಗ ಏನಾಗುತ್ತಿತ್ತು ಎಂಬುದಕ್ಕೆ ಬೀಶೊ ವಿಚಾರಣೆ ಇದೆ. 1992ರ ಸೆಪ್ಟೆಂಬರ್ 7ರಂದು ಬೀಶೊದಲ್ಲಿ ಸಿಸ್ಕೈ ಸೈನಿಕರು ಮೆರವಣಿಗೆ ಮೇಲೆ ಗುಂಡು ಹಾರಿಸಿ 28 ಮಂದಿಯನ್ನು ಕೊಂದಿದ್ದರು. ನಾಲ್ಕು ವರ್ಷದ ನಂತರ ಸಭಾಂಗಣ ತುಂಬ ಸತ್ತವರ ಕಡೆಯವರು, ಸಿಟ್ಟು ಕುದಿಯುತ್ತಿತ್ತು. ಕರ್ನಲ್ ಹೋರ್ಸ್ಟ್ ಶೋಬೆಸ್‌ಬರ್ಗರ್ ಎಂಬ ಬಿಳಿಯ ಅಧಿಕಾರಿ ಎದ್ದು, ಗುಂಡು ಹಾರಿಸಲು ಅಪ್ಪಣೆ ಕೊಟ್ಟದ್ದು ನಾವೇ ಎಂದು ಒಪ್ಪಿ, ಕ್ಷಮಿಸಿ, ನನ್ನ ಜೊತೆ ನಿಂತ ಸೈನಿಕರನ್ನು ಮತ್ತೆ ನಿಮ್ಮವರೆಂದು ಸೇರಿಸಿಕೊಳ್ಳಿ ಎಂದು ಕೇಳಿಕೊಂಡರು. ಅದೇ ಜನ ಚಪ್ಪಾಳೆ ತಟ್ಟಿದರು. ಟುಟು ಎಲ್ಲರನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಕೇಳಿದರು.

ಸುಮ್ಮನೆ ಕೂರುವುದು ಟುಟುಗೆ ಯಾವಾಗಲೂ ಸುಲಭವಿರಲಿಲ್ಲ ಅನ್ನಿ. ಜೋಹಾನ್ಸ್‌ಬರ್ಗ್ ವಿಚಾರಣೆಗೆ ಮುಂಚೆ ಆಯುಕ್ತರಲ್ಲಿ ಒಬ್ಬರಾದ, ಭಾರತೀಯ ಮೂಲದ ಮುಸ್ಲಿಂ ವೈದ್ಯ ಫಜಲ್ ರಾಂದೇರಾ ಒಂದು ಮಾತು ಹೇಳಿದರು. ಇದು ಸರ್ಕಾರಿ ಆಯೋಗ, ಎಲ್ಲ ಧರ್ಮದವರೂ ಬರುತ್ತಾರೆ, ಪ್ರಾರ್ಥನೆ ಬೇಡ, ಮೌನ ಆಚರಿಸೋಣ. ಟುಟು ಒಪ್ಪಿದರು. ಮೌನ ಆಯಿತು. ಸಾಕ್ಷಿ ಕೂತರು. ಟುಟುಗೆ ಮುಂದೆ ಹೋಗಲಾಗಲಿಲ್ಲ. ಇದು ಆಗುವುದಿಲ್ಲ, ಎಲ್ಲರೂ ಕಣ್ಣು ಮುಚ್ಚಿ, ಪ್ರಾರ್ಥಿಸೋಣ ಎಂದುಬಿಟ್ಟರು. ಎಲ್ಲರೂ ನಕ್ಕರು, ರಾಂದೇರಾ ಕೂಡ. ತಮಾಷೆಯಾಗಿ ಮುಗಿದರೂ ರಾಂದೇರಾ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. ಪ್ರಾರ್ಥನೆಯಿಂದ ಶುರುವಾದ ಸಭೆಯಲ್ಲಿ, ಆರ್ಚ್‌ಬಿಷಪ್ ಎದುರು ಕೂತು, 'ನಾನು ಕ್ಷಮಿಸುವುದಿಲ್ಲ' ಎನ್ನಲು ಎಷ್ಟು ಧೈರ್ಯ ಬೇಕು? ಹಾಗೆ ಹೇಳಿದ ಹೆಂಗಸರಿದ್ದರು. ಅವರ ಮಾತೂ ದಾಖಲಾಗಿದೆ. ಆದರೆ ಜಗತ್ತಿಗೆ ಕ್ಷಮಿಸಿದವರ ಚಿತ್ರಗಳೇ ಹೋದವು.

ಲೆಕ್ಕ ಹೀಗಿದೆ. 21,000ಕ್ಕೂ ಹೆಚ್ಚು ಜನ ಹೇಳಿಕೆ ಕೊಟ್ಟರು. ಕ್ಷಮಾದಾನ ಕೋರಿ 7,112 ಅರ್ಜಿ ಬಂದವು, ಸಿಕ್ಕಿದ್ದು 849ಕ್ಕೆ. ಆಯೋಗ ಗುರುತಿಸಿದ ಸಂತ್ರಸ್ತರಿಗೆ ಸರ್ಕಾರ 2003ರಲ್ಲಿ ಒಮ್ಮೆಗೆ ತಲಾ 30,000 ರಾಂಡ್ ಕೊಟ್ಟು ಕೈತೊಳೆದುಕೊಂಡಿತು. ಆಯೋಗ ಶಿಫಾರಸು ಮಾಡಿದ್ದು ಆರು ವರ್ಷ, ಪ್ರತಿ ವರ್ಷ 20,000ಕ್ಕೂ ಹೆಚ್ಚು ರಾಂಡ್.

ಕ್ರ್ಯಾಡಕ್ ಪ್ರಕರಣದಲ್ಲಿ ಕೊನೆಗೆ ಆರು ಪೊಲೀಸರ ಹೆಸರು ಬಂತು. ಅವರೇ ಕ್ಷಮಾದಾನಕ್ಕೆ ಅರ್ಜಿ ಹಾಕಿದರು. ಪೂರ್ತಿ ನಿಜ ಹೇಳಿಲ್ಲವೆಂದು 1999ರಲ್ಲಿ ಆರೂ ಅರ್ಜಿ ತಿರಸ್ಕಾರವಾದವು. ಕಾಯ್ದೆಯ ಪ್ರಕಾರ ಮುಂದೆ ಅವರ ಮೇಲೆ ಮೊಕದ್ದಮೆ ಆಗಬೇಕು. ಹೀಗೆ ಸುಮಾರು 300 ಪ್ರಕರಣಗಳನ್ನು ಆಯೋಗ ಪ್ರಾಸಿಕ್ಯೂಷನ್ ಇಲಾಖೆಗೆ ಒಪ್ಪಿಸಿತು. ಬಹುತೇಕ ಕಡತಗಳು ಅಲ್ಲೇ ಧೂಳು ತಿಂದವು. ಕ್ಷಮೆಯ ಹೆಸರಿನಲ್ಲಿ ದೇಶ ಹೊಗಳಿಸಿಕೊಳ್ಳುತ್ತಿದ್ದ ಕಾಲದಲ್ಲೇ ಇದು ನಡೆಯಿತು. ಟುಟು ಕೂಡ ಸರ್ಕಾರದ ಈ ನಿಲುವನ್ನು ಕಟುವಾಗಿ ಟೀಕಿಸಿದರು. ಕೈರೋಸ್ ದಸ್ತಾವೇಜಿನವರು 1985ರಲ್ಲಿ ಹೆದರಿದ್ದು ಇದಕ್ಕೇ. ಅಂದು ಅವರು ಬೈದದ್ದು ಬಿಳಿಯರ ಸರ್ಕಾರವನ್ನು, ಅದಕ್ಕೆ ಮಣಿದ ಚರ್ಚುಗಳನ್ನು. ಕಡತದ ಮೇಲೆ ಕೂತವರು ಅವರದೇ ಹೋರಾಟದಿಂದ ಬಂದ ಸರ್ಕಾರ.

ಫೋರ್ಟ್ ಸತ್ತಾಗ ಮಗ ಲುಖಾನ್ಯೊಗೆ ಮೂರು ವರ್ಷ. ಆತ ಮುಂದೆ ಪತ್ರಕರ್ತನಾದ. ಸರ್ಕಾರಿ ಪ್ರಸಾರ ಸಂಸ್ಥೆ ಎಸ್‌ಎಬಿಸಿಯಲ್ಲಿ ವರದಿಗಾರ. 2016ರಲ್ಲಿ ಸಂಸ್ಥೆ ಹಿಂಸಾತ್ಮಕ ಪ್ರತಿಭಟನೆಗಳ ದೃಶ್ಯ ತೋರಿಸಬಾರದು ಎಂದಾಗ ಅದನ್ನು ಬಹಿರಂಗವಾಗಿ ಖಂಡಿಸಿ ಹೇಳಿಕೆ ಕೊಟ್ಟ. ತಾರೀಖು ಜೂನ್ 27, ಅಪ್ಪ ಸತ್ತ ದಿನ. ಆತನೂ ಸೇರಿ ಎಂಟು ಪತ್ರಕರ್ತರು ಕೆಲಸ ಕಳೆದುಕೊಂಡು, ಹೋರಾಡಿ ಮರಳಿ ಪಡೆದರು. 2018ರಲ್ಲಿ ಹೆಂಡತಿ ಅಬಿಗೇಲ್ ಜೊತೆ ಸೇರಿ ಅಪ್ಪನ ಬಗ್ಗೆ ಪುಸ್ತಕ ಬರೆದ. ಪ್ರಕರಣ ತೆರೆಯಿರಿ ಎಂದು ಕುಟುಂಬಗಳೊಡನೆ ಕೋರ್ಟಿಗೆ ಹೋದ.

ಟುಟು 2021ರ ಡಿಸೆಂಬರ್ 26ರಂದು ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಗೊನಿವೆಯ ಪತ್ನಿ ನ್ಯಾಮೆಕಾ ಅದಕ್ಕೂ ಮುಂಚೆ 2020ರಲ್ಲೇ ಹೋದರು. ಕ್ರ್ಯಾಡಕ್‌ನ ನಾಲ್ವರ ಮೂರನೇ ಮರಣ ವಿಚಾರಣೆ 2025ರ ಜೂನ್ 2ರಂದು ಶುರುವಾಯಿತು. ಪೋರ್ಟ್ ಎಲಿಜಬೆತ್‌ನ ಹೆಸರು ಅಷ್ಟರಲ್ಲಿ ಖೇಬೆರ್ಹಾ ಎಂದು ಬದಲಾಗಿತ್ತು. ಕ್ಷಮಾದಾನ ಸಿಗದ ಆರು ಪೊಲೀಸರಲ್ಲಿ ಅಷ್ಟೊತ್ತಿಗೆ ಒಬ್ಬರೂ ಬದುಕಿರಲಿಲ್ಲ. ಯಾರ ಮೇಲೂ ಮೊಕದ್ದಮೆ ನಡೆದಿರಲಿಲ್ಲ. ಆ 300 ಕಡತಗಳನ್ನು ತಡೆಹಿಡಿದವರು ಯಾರು ಎಂದು ತಿಳಿಯಲು ಅಧ್ಯಕ್ಷ ರಾಮಫೋಸಾ ಅದೇ ವರ್ಷ ಇನ್ನೊಂದು ಆಯೋಗ ನೇಮಿಸಿದರು. ಇದರ ಅಧ್ಯಕ್ಷರು ಪಾದ್ರಿಯಲ್ಲ, ನಿವೃತ್ತ ನ್ಯಾಯಮೂರ್ತಿ ಸಿಸಿ ಖಂಪೆಪೆ.